ಗ್ರೀಕಪ್ಪನ ಚಡ್ಡಿ

ಹೊನ್ನವಳ್ಳಿಯ ಬಸ್ ಸ್ಟಾಪಿನ ಎದುರು, ಗಂಗಾಧರಯ್ಯನವರ ಕಟ್ಟಡದ ಮೆಟ್ಟಿಲ ಕೆಳಗೆ ಹೊಲಿಗೆ ಮಿಷನ್ ಇಟ್ಟುಕೊಂಡು ಕೂರುವ ಶಾಂತಕುಮಾರಿಯ ಬಗ್ಗೆ ನಾನು ಒಳ್ಳೆಯ ಮಾತು ಬರೆಯುತ್ತೇನೆಂದರೆ ನಮ್ಮ ಸ್ಟಾಫ್ ರೂಮಿನಲ್ಲಿ ಯಾರೂ ನಂಬುವುದಿಲ್ಲ. ನನಗೇ ನಂಬಿಕೆಯಿಲ್ಲ. ನನ್ನ ನೇರಳೆ ಬಣ್ಣದ ಬ್ಲೌಸ್ ಪೀಸು ಅವಳ ಕೈಸೇರಿ ಎರಡು ದೀಪಾವಳಿ ಕಳೆದರೂ ಬ್ಲೌಸಾಗಲಿಲ್ಲ. ನಾದಿನಿ ಕೊಟ್ಟ ರೇಷ್ಮೆ ಸೀರೆಯ ಜೊತೆ ಬಂದದ್ದು, ಅಂಗೈ ಅಗಲದ ಜರಿ ಅಂಚಿನದು. ಬ್ಲೌಸಿಲ್ಲದೆ ಆ ಸೀರೆ ಬೀರುವಿನಲ್ಲೇ ಮಡಿಕೆ ಬಿದ್ದು ಕೂತಿತ್ತು.

ನಾನು ಇಲ್ಲಿಯ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಟೀಚರು, ಹೆಸರು ಅನಿತಾ. ದಿನಾ ತಿಪಟೂರಿನಿಂದ ಬಸ್ಸಿನಲ್ಲಿ ಬಂದು ಅವಳ ಮೂಗಿನ ಮುಂದೆಯೇ ಇಳಿಯುತ್ತೇನೆ. ಇಳಿದವಳೇ ಕೇಳುತ್ತೇನೆ, ಆಯ್ತೇನಮ್ಮ ಅಂತ. ಅವಳು ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡು, ತಲೆ ಎತ್ತದೆ, "ನಾಳೆ ಬನ್ನಿ ಮೇಡಂ" ಅನ್ನುತ್ತಾಳೆ. ಎಷ್ಟು ಪ್ರೀತಿಯಿಂದ ಅನ್ನುತ್ತಾಳೆಂದರೆ, ಬೈಯಲು ಬಾಯಿ ತೆರೆದವಳು ಸರಿ ಬಿಡು ಅಂದುಕೊಂಡು ಸ್ಕೂಲಿನ ಕಡೆ ನಡೆದುಬಿಡುತ್ತೇನೆ. ಅರ್ಧ ದಾರಿಗೆ ಬಂದಮೇಲೆ ಸಿಟ್ಟು ಬರುತ್ತದೆ. ಆ ಸಿಟ್ಟೆಲ್ಲ ಒಂಬತ್ತನೇ ಕ್ಲಾಸಿನ ಮಕ್ಕಳ ಮೇಲೆ ಇಳಿಯುತ್ತದೆ.

ನನಗೊಬ್ಬಳಿಗೇ ಹೀಗೆ ಅಂದುಕೊಂಡರೆ ತಪ್ಪು. ಹಂದನಕೆರೆಗೆ ಕೊಟ್ಟ ಒಬ್ಬ ಹುಡುಗಿ ಧಾರೆಯ ದಿನ ಬೆಳಿಗ್ಗೆ ಅರ್ಧ ಹೊಲಿದ ಬ್ಲೌಸನ್ನು ತೊಟ್ಟುಕೊಂಡೇ ಎರಡೂ ಕೈ ಚಾಚಿ ಕೂತಿದ್ದಳಂತೆ. ಬಲಗೈಗೆ ಬಳೆಗಾರ್ತಿ ಬಳೆ ಇಡುತ್ತಿದ್ದರೆ ಎಡ ತೋಳನ್ನು ಶಾಂತಕುಮಾರಿ ಮೈಮೇಲೇ ಹೊಲಿಯುತ್ತಿದ್ದಳಂತೆ. ಮುಹೂರ್ತ ತಪ್ಪಲಿಲ್ಲ, ಹೊಲಿಗೆಯೂ ತಪ್ಪಲಿಲ್ಲ. ಈಗಲೂ ಆ ಹುಡುಗಿ ತವರಿಗೆ ಬಂದಾಗಲೆಲ್ಲ ಹೊಸ ಬಟ್ಟೆ ತಂದು ಇವಳಿಗೇ ಕೊಡುತ್ತಾಳೆ. ಅಂಥ ಕೈ ಅವಳದು. ಹೊಲಿದರೆ ಮಾತ್ರ.

ನನಗೆ ಉರಿಯುತ್ತಿದ್ದದ್ದು ಇನ್ನೊಂದು ವಿಷಯಕ್ಕೆ. ನಮ್ಮ ಸ್ಕೂಲಿನ ಹುಡುಗಿಯರು ಆಟೋಟಕ್ಕೆ ಹೋಗುವಾಗ ಹಾಕಿಕೊಳ್ಳುವ ಚಡ್ಡಿ, ಪ್ಯಾಂಟುಗಳನ್ನೂ ಅವಳೇ ಹೊಲಿಯುವುದು. ಅವು ಮಾತ್ರ ಹೇಳಿದ ದಿನ, ಹೇಳಿದ ಹೊತ್ತಿಗೆ, ಮಡಚಿ ಇಟ್ಟಿರುತ್ತಿದ್ದವು. ಬಸ್ಸಿಳಿದ ಹುಡುಗಿ ಹೊಲಿಗೆ ಬಿಟ್ಟಿದೆ ಅಂತ ಓಡಿ ಬಂದರೆ, ಕೈಲಿದ್ದ ಮದುವೆ ಬ್ಲೌಸನ್ನೂ ಪಕ್ಕಕ್ಕೆ ತಳ್ಳಿ, ನಿಂತ ನಿಲುವಿನಲ್ಲೇ ಹಾಕಿಕೊಡುತ್ತಿದ್ದಳು. ಹಾಗಾದರೆ ನನ್ನ ಬ್ಲೌಸಿನ ಮೇಲೆ ಇವಳಿಗೇನು ಹಗೆ ಅಂತ ನಾನು ತುಂಬಾ ದಿನ ಯೋಚಿಸಿದ್ದೇನೆ.

ಅವಳ ಅಪ್ಪ ಹುಚ್ಚರಂಗಯ್ಯ ಊರಿನ ತೋಟಗಳಲ್ಲಿ ಕಾಯಿ ಸುಲಿಯುತ್ತಿದ್ದವನು. ಗಂಡ ಭೀಮರಾಜು ತಿಪಟೂರಿನ ಮಾರ್ಕೆಟ್ಟಿನಲ್ಲಿ ಕೊಬ್ಬರಿ ಮೂಟೆ ಹೊರುತ್ತಾನೆ. ಮಾತು ಕಡಿಮೆ, ಹೆಂಡತಿಯ ಮುಂದಂತೂ ಇನ್ನೂ ಕಡಿಮೆ. ತಿಪಟೂರಿನಲ್ಲಿ ಹೊಲಿಗೆ ಕಲಿತು ಬಂದ ಹೊಸದರಲ್ಲಿ ಶಾಂತಕುಮಾರಿ ಗಂಗಾಧರಯ್ಯನವರನ್ನು ಕೇಳಿ ಈ ಮೆಟ್ಟಿಲ ಕೆಳಗೆ ಕೂತಳು. ಆಗ ಅದು ಕೊಬ್ಬರಿ ಗೋಡೌನು. ಬಾಡಿಗೆಯ ಮಾತಿರಲಿಲ್ಲ. ಅವರ ಮನೆಯ ದಿಂಬಿನ ಚೀಲ ಹೊಲಿದುಕೊಟ್ಟು, ಲೋಡು ಹೋಗುವ ದಿನ ದಬ್ಬಳ ಹಿಡಿದು ಕೊಬ್ಬರಿ ಮೂಟೆಗಳ ಬಾಯಿ ಹೊಲಿದರೆ ಆಯಿತು. ಇಪ್ಪತ್ತು ವರ್ಷ ಹಾಗೇ ನಡೆಯಿತು.

ಆಮೇಲೆ ಗಂಗಾಧರಯ್ಯನವರ ಮಗ ಕಲ್ಲೇಶನಿಗೆ ಮೈಕಟ್ಟಿನ ಹುಚ್ಚು ಹಿಡಿಯಿತು. ಗೋಡೌನು ಖಾಲಿ ಮಾಡಿಸಿ ಜಿಮ್ ಮಾಡಿದ. ಗೋಡೆಗೆಲ್ಲ ಕನ್ನಡಿ, ಮೇಲೆ ಬಣ್ಣದ ಲೈಟು. ಒಳಗೆ ಹೋದರೆ ಈಗಲೂ ಕೊಬ್ಬರಿ ವಾಸನೆ ಬರುತ್ತದೆ, ಅದು ಬೇರೆ ಮಾತು. ಬಾಗಿಲಲ್ಲಿ ಒಂದು ವಿಗ್ರಹ ನಿಲ್ಲಿಸಬೇಕು ಅಂತ ಅವನ ಆಸೆ. ಬಾಗಿಲ ಪಕ್ಕ ಅಂದರೆ ಮೆಟ್ಟಿಲ ಕೆಳಗೆ. ಮೆಟ್ಟಿಲ ಕೆಳಗೆ ಅಂದರೆ ಶಾಂತಕುಮಾರಿಯ ಮಿಷನ್ ಇರುವ ಕಡೆ.

"ಶಾಂತಕ್ಕ, ಶುಕ್ರವಾರ ಓಪನಿಂಗು. ಅಷ್ಟೊತ್ತಿಗೆ ಮಿಷನ್ ಎತ್ಬುಡು. ಬೇಜಾರ್ ಮಾಡ್ಕಬ್ಯಾಡ," ಅಂದ.

ಅವಳು ಅವತ್ತು ನನಗೆ ನಾಳೆ ಬನ್ನಿ ಅನ್ನಲಿಲ್ಲ. ಸುಮ್ಮನೆ ರಸ್ತೆ ನೋಡುತ್ತ ಕೂತಿದ್ದಳು. ಮನೆಯಲ್ಲೇ ಹೊಲಿದರಾಯಿತಲ್ಲ ಅಂದೆ. "ನಮ್ಮನೆ ಹಟ್ಟಿ ಹಿಂದ್ಗಡೆ ಐತೆ ಮೇಡಂ. ಅಲ್ಲಿಗೆ ಯಾವ್ ಹುಡುಗಿ ಬಸ್ ಇಳ್ದು ಓಡ್ ಬತ್ತಾಳೆ? ರಸ್ತೆ ಕಾಣ್ದಿದ್ ಕಡೆ ಕೂತ್ರೆ ನಾನು ಟೈಲರ್ ಅಲ್ಲ, ಮನೇಲಿ ಮಿಷನ್ ಇಟ್ಕಂಡಿರೋ ಹೆಂಗ್ಸು ಅಷ್ಟೇ," ಅಂದಳು.

ಸೋಮವಾರ ಬೆಳಿಗ್ಗೆ ವಿಗ್ರಹ ಬಂತು. ಕಲ್ಲೇಶ ಅದನ್ನು ಫೋನಿನಲ್ಲಿ ಫೋಟೋ ನೋಡಿ ಬೆಂಗಳೂರಿನಿಂದ ತರಿಸಿದ್ದ. ಫೈಬರಿನದು, ಅಮೃತಶಿಲೆಯ ಬಣ್ಣ ಬಳಿದದ್ದು. ಫೋಟೋದಲ್ಲಿ ಅಗಲವಾದ ಎದೆ, ಎತ್ತಿದ ಎರಡು ಕೈ, ಗುಂಗುರು ಕೂದಲು, ಬಾಗಿದ ಸುಂದರವಾದ ಮುಖ. ಆ ಫೋಟೋ ಸೊಂಟದ ತನಕ ಮಾತ್ರ ಇತ್ತು. ಮಿಕ್ಕದ್ದು ಇನ್ನೇನಿರುತ್ತದೆ, ಪಂಚೆಯೋ ಚಡ್ಡಿಯೋ ಅಂತ ಅವನು ಅಂದುಕೊಂಡಿದ್ದ. ತೆಂಗಿನ ಸೀಮೆಯಲ್ಲಿ ಹುಟ್ಟಿದ ಯಾರು ತಾನೇ ಇನ್ನೇನು ಅಂದುಕೊಳ್ಳುತ್ತಾರೆ.

ಶಾಂತಕುಮಾರಿಯ ಮಿಷನ್ನಿನ ಪಕ್ಕದಲ್ಲೇ ಇಳಿಸಿ, ಸುತ್ತಿದ ಹುಲ್ಲು, ಪ್ಲಾಸ್ಟಿಕ್ಕು ಎಲ್ಲ ಬಿಚ್ಚಿದ್ದು ಸರಿಯಾಗಿ ಕಾಲೇಜು ಬಸ್ಸು ಬಂದು ನಿಲ್ಲುವ ಹೊತ್ತಿಗೆ. ಮೇಲಿನಿಂದ ಬಿಚ್ಚುತ್ತ ಬಂದರು. ಸೊಂಟದ ತನಕ ಎಲ್ಲರೂ ಭಲೇ ಅನ್ನುತ್ತಿದ್ದರು. ಆಮೇಲೆ ಯಾರೂ ಏನೂ ಅನ್ನಲಿಲ್ಲ. ಡ್ರೈವರು ಬಸ್ಸು ಹೊರಡಿಸುವುದನ್ನೇ ಮರೆತ. ನಮ್ಮ ಸ್ಕೂಲಿನ ಮಕ್ಕಳನ್ನು ನಾನು ಕೋಳಿಮರಿ ಅಟ್ಟಿದ ಹಾಗೆ ಅಟ್ಟಿಕೊಂಡು ಹೋಗಿ, ಗೇಟಿನೊಳಗೆ ಬಿಟ್ಟು, ವಾಪಸ್ಸು ಬಂದೆ. ಯಾಕೆ ವಾಪಸ್ಸು ಬಂದಿರಿ ಅಂತ ಹೆಡ್‌ಮಾಸ್ಟರು ಇವತ್ತಿಗೂ ಕೇಳಿಲ್ಲ.

ಗಂಗಾಧರಯ್ಯನವರ ತಾಯಿ ಮರಿಯಮ್ಮ ಜಗಲಿಯಿಂದ ಕೋಲೂರಿಕೊಂಡು ಬಂದರು. ಸುತ್ತ ಒಂದು ಪ್ರದಕ್ಷಿಣೆ ಹಾಕಿದರು.

"ಇದ್ಯಾರ್ಲಾ ಕಲ್ಲೇಶ?"

"ಗ್ರೀಕ್ ದೇಶದ ಕ್ರೀಡಾಪಟು ಅಜ್ಜಿ. ಎರಡ್ ಸಾವ್ರ ವರ್ಸಕ್ಕಿಂತ ಹಿಂದಿನೋನು."

"ಅವತ್ತಿಂದ ಹಿಂಗೇ ಅವ್ನಾ?"

ಕಲ್ಲೇಶ ಕೆಂಪಗಾದ. ವಿಗ್ರಹದ ಎರಡು ಕೈಗಳೂ ತಲೆಯ ಹತ್ತಿರ ಒಂದು ಪಟ್ಟಿಯ ತುದಿಗಳನ್ನು ಹಿಡಿದು ಕಟ್ಟಿಕೊಳ್ಳುತ್ತಿದ್ದವು. ಬಲಗಾಲಿಗೆ ಅಂಟಿಕೊಂಡು ಮೊಳಕಾಲಿಗಿಂತ ಎತ್ತರದ ಒಂದು ಮರದ ಬೊಡ್ಡೆ ಇತ್ತು. ಮರಿಯಮ್ಮ ಅದನ್ನು ಕೋಲಿನಿಂದ ತಟ್ಟಿ ನೋಡಿದರು. ತೆಂಗಿನ ಬೊಡ್ಡೆ ಎಂದು ತೀರ್ಮಾನಿಸಿದರು. ಬೊಡ್ಡೆ ತೆಂಗಿನದು ಅಂದಮೇಲೆ ಊರಿಗೆ ಮಿಕ್ಕದ್ದು ತಾನಾಗಿ ಅರ್ಥವಾಯಿತು: ಇವನು ಕಾಯಿ ಕೀಳುವವನು, ಮರ ಹತ್ತುವ ಮುಂಚೆ ತಲೆಗೆ ಟವಲ್ ಕಟ್ಟಿಕೊಳ್ಳುತ್ತಿದ್ದಾನೆ.

"ಇರೋದೊಂದ್ ಟವಲ್ಲು," ಅಂದರು ಮರಿಯಮ್ಮ, "ಅದ್ನ ತಗಂಡೋಗಿ ತಲೆಗ್ ಕಟ್ಕತಾವ್ನಲ್ಲಪ್ಪ ಬೆಪ್ಪ."

ಎದುರಿನ ಟೀ ಅಂಗಡಿ ಬೆಟ್ಟಸ್ವಾಮಿ ಕಲ್ಲೇಶನ ಪರ ವಹಿಸಿದ. "ಬೆಳಗೊಳದ ಗೊಮ್ಮಟಸ್ವಾಮಿಗೂ ಬಟ್ಟೆ ಇಲ್ಲ ಕಣಜ್ಜಿ. ಎಲ್ಲಾ ಕೈ ಮುಗ್ದು ಬರಾದಿಲ್ವಾ?"

"ಆ ಸ್ವಾಮಿ ಎಲ್ಲಾನೂ ಬುಟ್ಟು ನಿಂತೋರು ಕಣ್ಲಾ. ಇವ್ನಿನ್ನೂ ಶೋಕಿ ಮಾಡ್ತಾವ್ನೆ, ನೋಡು, ತಲೆಗೆ ಪಟ್ಟಿ ಬೇರೆ."

ಅಲ್ಲಿಗೆ ವಾದ ಮುಗಿಯಿತು. ಅವತ್ತಿನಿಂದ ಅವನಿಗೆ ಗ್ರೀಕಪ್ಪ ಅಂತ ಹೆಸರಾಯಿತು.

ವಾಪಸ್ಸು ಕಳಿಸೋಣವೆಂದರೆ ಅಂಗಡಿಯವರು ತೆಗೆದುಕೊಳ್ಳುವುದಿಲ್ಲ. ಒಳಗೆ ಸಾಗಿಸೋಣವೆಂದರೆ ಎತ್ತಿದ ಮೊಣಕೈ ಬಾಗಿಲಲ್ಲಿ ಹಿಡಿಯುವುದಿಲ್ಲ. ಶುಕ್ರವಾರದ ಓಪನಿಂಗಿಗೆ ಬರುವವರು ಮಠದ ಸ್ವಾಮಿಗಳು, ಊರಿನ ಬಾಯಲ್ಲಿ ಬುದ್ಧಿಯವರು. ಕಲ್ಲೇಶ ಮೊದಲು ಟವಲ್ ಸುತ್ತಿದ. ಫೈಬರಿನ ಸೊಂಟ ಎಣ್ಣೆ ಹಚ್ಚಿದ ಹಾಗೆ ನುಣುಪು, ಗಾಳಿ ಬೀಸಿದಾಗಲೆಲ್ಲ ಜಾರಿ ಪಾದಕ್ಕೆ ಬಂತು. ತಿಪಟೂರಿಗೆ ಹೋಗಿ ಒಳ್ಳೆಯ ಕಂಪನಿ ಚಡ್ಡಿ ತಂದ. ಅದನ್ನು ತೊಡಿಸುವುದು ಹೇಗೆ? ಎರಡೂ ಪಾದ ಪೀಠಕ್ಕೆ ಅಂಟಿವೆ, ಒಂದು ಕಾಲು ಬೊಡ್ಡೆಗೆ ಅಂಟಿದೆ. ಕಾಲೆತ್ತು ಗುರುವೇ ಅಂದರೆ ಎತ್ತುವವನಲ್ಲ. ಕೊನೆಗೆ ಆ ಸಂಜೆ ಎಲ್ಲರ ಕಣ್ಣೂ ಮೆಟ್ಟಿಲ ಕೆಳಗೆ ಹೋಯಿತು. ಅಲ್ಲಿ ಶಾಂತಕುಮಾರಿ ಗಂಟುಮೂಟೆ ಕಟ್ಟುತ್ತಿದ್ದಳು. ಇಷ್ಟು ಹೊತ್ತೂ ಎಲ್ಲ ನೋಡುತ್ತ ಇದ್ದಳು, ಅಷ್ಟೇ.

ಗಂಗಾಧರಯ್ಯನವರೇ ಹೋಗಿ ಕೇಳಿದರು.

"ನಾನು ಲೇಡೀಸ್ ಟೈಲರು ಯಜಮಾನ್ರೆ," ಅಂದಳು.

"ಈಗ ಅದ್ನೆಲ್ಲ ನೋಡಾಕಾಯ್ತದಾ? ಏನಾದ್ರೂ ಹೊಲ್ದಾಕವ್ವ. ಬುದ್ಧಿಯೋರ್ ಮುಂದೆ ಮಾನ ಉಳುಸು."

"ಹೊಲ್ದ್ ಕೊಟ್ರೆ ಈ ಜಾಗ ಉಳೀತದಾ?"

ಗಂಗಾಧರಯ್ಯನವರು ಕೆಟ್ಟವರಲ್ಲ. ಆದರೆ ಮಗನ ಮುಖ ನೋಡಿದರು. ಮಗ ಆಗದು ಅಂತ ತಲೆ ಅಲ್ಲಾಡಿಸಿದ. "ಕೆಲ್ಸ ಮುಗಿಯೋಗಂಟ ಜಾಗ ನಿಂದೇ. ಮಿಷನ್ ಎತ್ತು ಅಂತ ಒಬ್ರೂ ಅನ್ನಲ್ಲ. ಮುಗುದ್ ಮೇಲೆ ಬುಟ್ಕೊಡು," ಅಂದರು. ಬೆಟ್ಟಸ್ವಾಮಿ, ಮರಿಯಮ್ಮ, ನಾನು, ಬಸ್ಸಿಗೆ ಕಾಯುತ್ತಿದ್ದವರು, ಎಲ್ಲರೂ ಕೇಳಿಸಿಕೊಂಡೆವು.

ಎಂಥಾ ನ್ಯಾಯ ನೋಡಿ. ಹೊಲಿದು ಮುಗಿಸಿದರೆ ಜಾಗ ಹೋಗುತ್ತದೆ. ಶುಕ್ರವಾರಕ್ಕೆ ಹೊಲಿಯದಿದ್ದರೆ ಬುದ್ಧಿಯವರ ಮುಂದೆ ಗಂಗಾಧರಯ್ಯನವರ ಮಾನ ಹೋಗಿ, ಆ ಸಿಟ್ಟಿಗೆ ಜಾಗವೂ ಹೋಗುತ್ತದೆ. ನನಗೆ ಬ್ಲೌಸಿನ ಸಿಟ್ಟಿದ್ದರೂ ಅವತ್ತು ಅವಳ ಪರವಾಗಿಯೇ ಸಿಟ್ಟು ಬಂತು. ಅವಳು ಮಾತ್ರ ಗಂಟು ಬಿಚ್ಚಿ ಟೇಪು ತೆಗೆದಳು.

ಮಂಗಳವಾರ ಸಂಜೆ ನಾನು ಬಸ್ಸಿಗೆ ಕಾಯುತ್ತಿದ್ದಾಗ ಅಳತೆ ತೆಗೆಯುತ್ತಿದ್ದಳು. ಗ್ರೀಕಪ್ಪನ ಸೊಂಟಕ್ಕೆ ಟೇಪು ಸುತ್ತಿ, "ಉಸ್ರು ಬುಡಪ್ಪ" ಅಂದಳು. ಟೀ ಅಂಗಡಿಯಲ್ಲಿ ಕೂತಿದ್ದ ಗಂಡಸರು ಒಬ್ಬೊಬ್ಬರಾಗಿ ಎದ್ದು ಬೇರೆ ಕಡೆ ತಿರುಗಿ ಕೂತರು. ಅವರಿಗೆ ಯಾಕೆ ನಾಚಿಕೆಯೋ ನನಗೆ ತಿಳಿಯಲಿಲ್ಲ.

"ಮೇಡಂ, ನಿಜ್ವಾಗ್ಲೂ ಇವ್ನು ಏನ್ ಮಾಡ್ತಾವ್ನೆ? ನೀವು ಓದಿದೋರು, ಹೇಳಿ."

ಹೇಳಿದೆ. ಆ ಕಾಲದಲ್ಲಿ ಅಲ್ಲಿ ಗಂಡಸರು ಮೈಗೆ ಎಣ್ಣೆ ಹಚ್ಚಿಕೊಂಡು ಬರೀ ಮೈಯಲ್ಲೇ ಓಡುತ್ತಿದ್ದರು, ಕುಸ್ತಿ ಮಾಡುತ್ತಿದ್ದರು. ಗೆದ್ದವನ ವಿಗ್ರಹ ಮಾಡಿ ನಿಲ್ಲಿಸುತ್ತಿದ್ದರು. ಇವನು ಕಟ್ಟಿಕೊಳ್ಳುತ್ತಿರುವುದು ಟವಲ್ಲಲ್ಲ, ಗೆದ್ದದ್ದಕ್ಕೆ ಕೊಟ್ಟ ಪಟ್ಟಿ. ಮೊದಲ ವಿಗ್ರಹ ಕಂಚಿನದು, ಅದು ಕಳೆದುಹೋಯಿತು. ಅದನ್ನು ನೋಡಿ ಕಲ್ಲಿನಲ್ಲಿ ಮಾಡಿದವರು ಕಾಲು ಮುರಿಯಬಾರದೆಂದು ಬೊಡ್ಡೆ ಸೇರಿಸಿದರು. ಕಲ್ಲಿನದನ್ನು ನೋಡಿ ಮಾಡಿದ ಈ ಫೈಬರಿನವನಿಗೆ ಬೊಡ್ಡೆಯ ಅಗತ್ಯವೇ ಇಲ್ಲ, ಸುಮ್ಮನೆ ಬಂದಿದೆ.

"ಪಟ್ಟಿ ಅಂದ್ರೆ ರಿಬ್ಬನ್ನಾ?"

"ಹೆಚ್ಚುಕಡಿಮೆ ಹಾಗೇ."

ಟೇಪು ಕೈಯಲ್ಲೇ ಉಳಿಯಿತು. "ನಂಗೂ ಕೊಟ್ಟಿದ್ರು ಮೇಡಂ, ಕೆಂಪು ರಿಬ್ಬನ್ನು. ನಾನು ತಾಲ್ಲೋಕಿಗೇ ಫಸ್ಟು ಓಟದಲ್ಲಿ. ಲಂಗ ಎತ್ತಿ ಕಚ್ಚೆ ಕಟ್ಕಂಡ್ ಓಡಿದ್ದೆ. ಜಿಲ್ಲೆಗ್ ಹೋಗ್ಬೇಕಾದ್ರೆ ಚಡ್ಡಿ ಹಾಕ್ಲೇಬೇಕು ಅಂದ್ರು. ನಮ್ಮಪ್ಪ, ಎದೆ ಎತ್ರ ಬೆಳ್ದಿರೋ ಹುಡ್ಗಿ ಮೊಣಕಾಲ್ ಕಾಣಂಗೆ ಓಡದ್ ಬ್ಯಾಡ ಅಂದ. ಮುಗೀತು." ಗ್ರೀಕಪ್ಪನನ್ನು ಮೇಲಿನಿಂದ ಕೆಳಗಿನ ತನಕ ಒಂದು ಸಲ ನೋಡಿದಳು. "ಇವ್ನು ನೋಡಿ, ಏನೂ ಹಾಕ್ದೆ ಗೆದ್ದು, ಗೊಂಬೇನೂ ಮಾಡುಸ್ಕಂಡು, ಈಗ ನನ್ ಜಾಗಕ್ಕೇ ಬಂದವ್ನೆ."

ಹಾಗೆಂದು ನಕ್ಕಳು. ನನಗೆ ನಗು ಬರಲಿಲ್ಲ. ಆಟದ ಚಡ್ಡಿಗಳು ಮಾತ್ರ ಯಾಕೆ ಹೇಳಿದ ದಿನಕ್ಕೆ ಸಿಗುತ್ತಿದ್ದವು ಅನ್ನುವುದು ಇಷ್ಟು ವರ್ಷದ ಮೇಲೆ ಗೊತ್ತಾಯಿತು. ದುಃಖವಾಯಿತು. ದುಃಖವಾದಾಗ ನನಗೆ ಸಿಟ್ಟೇ ಬರುವುದು. "ಮಾತು ಸಾಕು, ಮೊದಲು ಇವನದ್ದು ಹೊಲಿ. ಶುಕ್ರವಾರಕ್ಕೆ ನಾಳೆ ಬನ್ನಿ ಅನ್ನಬೇಡ," ಅಂತ ಗದರಿ ಬಸ್ಸು ಹತ್ತಿದೆ.

ಬುಧವಾರ ಏನೂ ಹೊಲಿಯಲಿಲ್ಲ. ಗುರುವಾರ ಕಲ್ಲೇಶ ಕೊಟ್ಟ ಬಿಳಿ ಸ್ಯಾಟಿನ್ ಬಟ್ಟೆಯನ್ನು ಕತ್ತರಿಸಿ, ಚೂಡಿದಾರದ ಪ್ಯಾಂಟಿನ ಹಾಗೆ ಎರಡು ಕಾಲು ಕೂಡಿಸಿ, ಒಳ್ಳೆಯ ಹೊಲಿಗೆ ಹಾಕಿ ಮುಗಿಸಿದಳು. ಎತ್ತಿಕೊಂಡು ಗ್ರೀಕಪ್ಪನ ಮುಂದೆ ನಿಂತಾಗ ಜ್ಞಾನೋದಯವಾಯಿತು. ಪಾದ ಪೀಠಕ್ಕೆ ಅಂಟಿದೆ ಅಂತ ಊರಿಗೆಲ್ಲ ಗೊತ್ತಿತ್ತು, ಅವಳೂ ಕಣ್ಣಾರೆ ನೋಡಿದ್ದಳು. ಆದರೆ ಕತ್ತರಿ ಕೈಗೆ ಬಂದರೆ ಅದು ಅಭ್ಯಾಸವಿದ್ದ ದಾರಿಯಲ್ಲೇ ಹೋಗುತ್ತದೆ. ಜೀವವಿದ್ದವರು ಕಾಲೆತ್ತುತ್ತಾರೆ ಅನ್ನುವ ನಂಬಿಕೆಯ ಮೇಲೆ ಹೊಲಿದುಬಿಟ್ಟಿದ್ದಳು. ಹೊಲಿಗೆ ಬಿಚ್ಚಿ ನೋಡಿದರೆ ಬೊಡ್ಡೆ ಇರುವ ಕಡೆ ಬಟ್ಟೆ ಸಾಲದು. ಅಂಗಡಿಗಳು ಬಾಗಿಲು ಹಾಕುವ ಹೊತ್ತಾಗಿತ್ತು.

ಶುಕ್ರವಾರ ಬೆಳಿಗ್ಗೆ ನನ್ನ ಬಸ್ಸು ಬಂದಾಗ ಜಿಮ್ಮಿನ ಮುಂದೆ ಚಪ್ಪರ, ಮಾವಿನ ತೋರಣ, ಮೈಕು. ಗ್ರೀಕಪ್ಪನ ಸುತ್ತ ಒಂದು ಹಳೆ ಸೀರೆ ಅಡ್ಡ ಹಿಡಿದು ಇಬ್ಬರು ಹೆಂಗಸರು ನಿಂತಿದ್ದರು. ಒಳಗೆ ಶಾಂತಕುಮಾರಿ ಕೂತು, ಅವನ ಮೈಮೇಲೇ ಹೊಲಿಯುತ್ತಿದ್ದಳು, ಹಂದನಕೆರೆಯ ಮದುಮಗಳಿಗೆ ಹೊಲಿದ ಹಾಗೆ. ನಾನು ಸೀರೆಯ ಮೇಲಿಂದ ಇಣುಕಿದೆ.

ನೇರಳೆ ಬಣ್ಣ. ತೊಡೆಯ ಸುತ್ತ ಅಂಗೈ ಅಗಲದ ಜರಿ ಅಂಚು.

"ಶಾಂತಕುಮಾರಿ."

"ಮೇಡಂ, ಬೈಬ್ಯಾಡಿ. ಬೇರೆಯೋರ್ ಬಟ್ಟೆ ಎಲ್ಲಾ ಕತ್ತರ್ಸಾಗಿತ್ತು. ನಿಮ್ದೊಂದೇ ಇನ್ನೂ ಕತ್ತರಿ ಕಾಣದೆ ಇದ್ದಿದ್ದು."

ಎರಡು ವರ್ಷ ದಿನಾ ನಾಳೆ ಅಂದ ಬಟ್ಟೆಗೆ ಕತ್ತರಿಯನ್ನೇ ತೋರಿಸಿರಲಿಲ್ಲ. ಅದನ್ನು ಎಷ್ಟು ಪ್ರಾಮಾಣಿಕವಾಗಿ ಒಪ್ಪಿಕೊಂಡಳು ನೋಡಿ. ನನ್ನ ಬ್ಲೌಸಿನ ಲೈನಿಂಗು, ಹುಕ್ಕು, ಬೆನ್ನಿಗೆಂದು ತಂದಿದ್ದ ದಾರ, ಅದರ ತುದಿಯ ಕುಚ್ಚು, ಎಲ್ಲವೂ ಅಲ್ಲಿದ್ದವು. ಚಡ್ಡಿಯ ಎರಡೂ ಪಕ್ಕ ತೆರೆದು, ಬೆನ್ನಿಗೆ ಹುಕ್ಕು ಹಾಕುವ ಹಾಗೆ ಸೊಂಟದ ಪಕ್ಕದಲ್ಲಿ ಸಾಲಾಗಿ ಹುಕ್ಕು ಹಾಕುತ್ತ ಬಂದಿದ್ದಳು. ಬ್ಲೌಸಿನ ವಿದ್ಯೆಯೇ ಇಲ್ಲಿ ಕೈಹಿಡಿದಿತ್ತು. ಬಲಗಡೆ ಬೊಡ್ಡೆಯ ಹತ್ತಿರ ದಾರ ಕಟ್ಟಿ ಕುಚ್ಚು ಇಳಿಬಿಟ್ಟಿದ್ದಳು. ಹೇಳಬಾರದು, ಆದರೆ ಗ್ರೀಕಪ್ಪನಿಗೆ ಆ ಬಣ್ಣ ಒಪ್ಪುತ್ತಿತ್ತು.

ಬಲಗಡೆ ಮುಗಿದಿತ್ತು. ಎಡಗಡೆ ಇನ್ನೂ ಗುಂಡುಸೂಜಿಯ ಮೇಲೆ ನಿಂತಿತ್ತು. ಅಷ್ಟರಲ್ಲಿ ಕಾರು ಬಂತು. ಬುದ್ಧಿಯವರಿಗೆ ಮುಂದೆ ಚಿಕ್ಕನಾಯಕನಹಳ್ಳಿಯಲ್ಲಿ ಇನ್ನೊಂದು ಕಾರ್ಯಕ್ರಮವಿತ್ತಂತೆ, ಹೇಳಿದ ಹೊತ್ತಿಗಿಂತ ಮುಂಚೆಯೇ ಬಂದುಬಿಟ್ಟಿದ್ದರು. ಸೀರೆ ಹಿಡಿದಿದ್ದ ಹೆಂಗಸರಿಬ್ಬರೂ ಪಾದಕ್ಕೆ ನಮಸ್ಕಾರ ಮಾಡಲು ಸೀರೆ ಬಿಟ್ಟು ಓಡಿದರು. ಗಂಗಾಧರಯ್ಯನವರು ಹಾರ ಹಿಡಿದು ಮುಂದೆ ಹೋದವರು ಹಿಂದೆ ತಿರುಗಿ ನೋಡಿ, ಹಾರವನ್ನು ಅಲ್ಲೇ ಹಿಡಿದು ನಿಂತುಬಿಟ್ಟರು.

ಬುದ್ಧಿಯವರು ಸೀದಾ ಬಾಗಿಲ ಕಡೆ ಬಂದರು. ಎದುರಿಗೆ ಅರ್ಧ ಬಟ್ಟೆ ತೊಟ್ಟ ಗ್ರೀಕಪ್ಪ. ಅವನ ಎಡಗಡೆಗೆ ಶಾಂತಕುಮಾರಿ, ಮಂಡಿಯೂರಿ, ಒಂದು ಕೈಯಲ್ಲಿ ಬಟ್ಟೆ ಬಿಗಿಹಿಡಿದು, ಇನ್ನೊಂದು ಕೈಯಲ್ಲಿ ಸೂಜಿ ಎಳೆಯುತ್ತ. ಕೈ ಬಿಟ್ಟರೆ ಮಾನ ಹೋಗುತ್ತದೆ, ಎದ್ದು ನಮಸ್ಕಾರ ಮಾಡುವಂತಿಲ್ಲ.

"ಏನಮ್ಮ ಮಾಡ್ತಾ ಇದೀಯ?"

"ಬಟ್ಟೆ ಹೊಲೀತಿದೀನಿ ಬುದ್ಧಿ."

"ಯಾವಾಗ ಮುಗಿಯುತ್ತೆ?"

ಅವಳ ಗಮನವೆಲ್ಲ ಸೂಜಿಯ ಮೇಲಿತ್ತು. ತುಟಿಯಲ್ಲಿ ಗುಂಡುಸೂಜಿ. ತಲೆ ಎತ್ತಲಿಲ್ಲ. ಇಪ್ಪತ್ತು ವರ್ಷ ದಿನಾ ಹೇಳಿದ ಬಾಯಿ ತಾನಾಗಿ ಹೇಳಿತು.

"ನಾಳೆ ಬನ್ನಿ ಬುದ್ಧಿ."

ಮೈಕಿನವನು ಮೈಕು ಆನ್ ಮಾಡಿಟ್ಟಿದ್ದ. ಊರಿಗೆಲ್ಲ ಕೇಳಿತು. ಶಾಂತಕುಮಾರಿಗೂ ಈಗ ಕೇಳಿತು. ಗುಂಡುಸೂಜಿ ಬಾಯಿಂದ ಉದುರಿತು. 'ಈ ಹೆಂಗಸಿನ ಕಥೆ ಮುಗೀತು, ಇವತ್ತೇ ಮಿಷನ್ ರಸ್ತೆಗೆ ಬೀಳುತ್ತೆ' ಅಂದುಕೊಂಡೆ ನಾನು. ಗಂಗಾಧರಯ್ಯನವರ ಮುಖ ಕುಂಬಳಕಾಯಿಯ ಹಾಗೆ ಊದಿಕೊಂಡಿತ್ತು.

ಬುದ್ಧಿಯವರ ಹೊಟ್ಟೆ ಮೆಲ್ಲಗೆ ಕುಲುಕಿತು. ಆಮೇಲೆ ಜೋರಾಗಿ ನಕ್ಕರು. ಕಣ್ಣಲ್ಲಿ ನೀರು ಬರುವ ತನಕ ನಕ್ಕು, ಶಾಲಿನ ಅಂಚಿನಿಂದ ಒರೆಸಿಕೊಂಡರು. "ಮಠದ ದರ್ಜಿಯೂ ನಮಗೆ ಹೀಗೇ ಹೇಳೋದು. ನಾವೂ ಹೋಗಿ ಬರ್ತಾ ಇದ್ದೀವಿ," ಅಂದರು. ಗಂಗಾಧರಯ್ಯನವರ ಕಡೆ ತಿರುಗಿ, "ಆಕೆಯ ಕೆಲಸ ಮುಗಿಯೋವರೆಗೂ ಅಲ್ಲಿಂದ ಎಬ್ಬಿಸಬೇಡಿ. ನಿಮ್ಮೆಲ್ಲರ ಮಾನ ಆಕೆಯ ಕೈಲಿದೆ," ಅಂದು ಬಾಗಿಲಿಗೆ ಕಟ್ಟಿದ್ದ ಉದ್ಘಾಟನೆಯ ಟೇಪು ಕತ್ತರಿಸಲು ನಡೆದರು.

ಅವರು ಹೇಳಿದ್ದು ಆ ಗಳಿಗೆಯ ಮಾತು. ಗಂಗಾಧರಯ್ಯನವರೂ ಆ ಗಳಿಗೆಗೇ ಹೂಂ ಅಂದದ್ದು. ಆದರೆ ಸೋಮವಾರ ಗಂಗಾಧರಯ್ಯನವರೇ ಎಲ್ಲರೆದುರು ಕೊಟ್ಟ ಮಾತೂ ಅದೇ ಆಗಿತ್ತಲ್ಲ. ಮಂಡಿಯೂರಿದ್ದ ಶಾಂತಕುಮಾರಿ ನಿಧಾನವಾಗಿ ತಲೆ ಎತ್ತಿದಳು. ಅವಳ ಮುಖದಲ್ಲಿ ಏನೋ ಹತ್ತಿ ಉರಿಯಿತು. ಅದನ್ನು ನೋಡಿದವಳು ನಾನೊಬ್ಬಳೇ.

ಅವತ್ತಿನಿಂದ ಗ್ರೀಕಪ್ಪನ ಚಡ್ಡಿ ಮುಗಿದಿಲ್ಲ.

ನೋಡಿದವರಿಗೆ ಮುಗಿದ ಹಾಗೇ ಕಾಣುತ್ತದೆ. ಮಾನ ಮುಚ್ಚುವಷ್ಟು ಆಗಿದೆ, ಜಾರುವುದಿಲ್ಲ, ಮಳೆಗಾಳಿಗೂ ಜಗ್ಗಿಲ್ಲ. ಮರಿಯಮ್ಮ ದಿನಾ ಬಂದು ನೋಡಿ, "ಈಗ ಮನ್ಸ ಆದ ಕಣೇ" ಅನ್ನುತ್ತಾರೆ. ಆದರೆ ಎಡಗಡೆ ಸೊಂಟದ ಹತ್ತಿರ ಒಂದು ಹುಕ್ಕಿನ ಜಾಗದಲ್ಲಿ ಗುಂಡುಸೂಜಿ ಇದೆ. ಕಲ್ಲೇಶ ಜಿಮ್ಮಿನ ಬಾಗಿಲು ತೆಗೆಯುವಾಗ ಕೇಳುತ್ತಾನೆ, "ಆಯ್ತಾ ಶಾಂತಕ್ಕ?" ಅವಳು "ನಾಳೆ ಆಯ್ತದೆ ಕಣಪ್ಪ" ಅನ್ನುತ್ತಾಳೆ. ಗ್ರೀಕಪ್ಪನಿಗೂ ಅವಳ ಮಿಷನ್ನಿಗೂ ಮಧ್ಯೆ ಒಬ್ಬರು ಅಡ್ಡ ನಿಲ್ಲುವಷ್ಟೇ ಜಾಗ. ಅವನ ಎತ್ತಿದ ಮೊಣಕೈಗೆ ಅವಳು ಈಗ ಅಳತೆ ಟೇಪು ನೇತುಹಾಕುತ್ತಾಳೆ.

ಹೀಗೇ ಬೇಸಿಗೆ ಬಂತು. ಕಲ್ಲೇಶನ ತಾಳ್ಮೆ ಮುಗಿಯಿತು. ಒಂದು ಸಂಜೆ ನಾನು ಬಸ್ಸಿಗೆ ನಿಂತಿದ್ದಾಗ ಅಪ್ಪನನ್ನೂ ಕರೆದುಕೊಂಡು ಬಂದ.

"ಅಪ್ಪಾ, ನೀನೇ ನೋಡು. ಇದು ಮುಗುದ್ ಹೋಗೈತೆ. ಬೇಕು ಅಂತ ಒಂದ್ ಹುಕ್ಕು ಬುಟ್ಟವ್ಳೆ."

ಗಂಗಾಧರಯ್ಯನವರು ಕನ್ನಡಕ ಏರಿಸಿ ಬಗ್ಗಿ ನೋಡಿದರು. ಅವರಿಗೆ ಬ್ಲೌಸಿನ ಹುಕ್ಕಿನ ವಿಷಯ ಏನು ಗೊತ್ತು. ಕಲ್ಲೇಶ ನನ್ನ ಕಡೆ ತಿರುಗಿದ. "ಮೇಡಂ, ಬಟ್ಟೆ ನಿಮ್ದು. ನಿಮ್ಗಿಂತ ನ್ಯಾಯ ಹೇಳೋರು ಬೇಕಾ? ನೀವು ಹೇಳ್ದಂಗೆ. ಮುಗ್ದಿದ್ಯೋ ಇಲ್ವೋ?"

ನನ್ನನ್ನೇ ಯಾಕೆ ಕೇಳಿದ ಅಂತ ಗೊತ್ತಿತ್ತು. ಈ ಊರಿನಲ್ಲಿ ಶಾಂತಕುಮಾರಿಯ ಮೇಲೆ ನನ್ನಷ್ಟು ಸಿಟ್ಟಿರುವವರು ಇನ್ನೊಬ್ಬರಿಲ್ಲ. ಅವಳು ಮಿಷನ್ನಿನ ಹಿಂದೆ ಸುಮ್ಮನೆ ಕೂತಿದ್ದಳು. ತೊಡೆಯ ಮೇಲೆ ಯಾವುದೋ ಹುಡುಗಿಯ ಆಟದ ಪ್ಯಾಂಟು. ಕಾಲು ಪೆಡಲ್ಲಿನ ಮೇಲಿತ್ತು, ತುಳಿಯುತ್ತಿರಲಿಲ್ಲ.

ನಾನು ಬಗ್ಗಿದೆ. ಅಂಥ ಹೊಲಿಗೆಯನ್ನು ನಾನು ನೋಡಿರಲಿಲ್ಲ. ಜರಿ ಅಂಚು ಎರಡೂ ಕಾಲಿಗೆ ಒಂದು ನೂಲೂ ಹೆಚ್ಚುಕಡಿಮೆಯಿಲ್ಲದೆ ಕೂಡಿತ್ತು. ಬೊಡ್ಡೆಯ ಸುತ್ತ ಬಳಸಿಬಂದ ಕಡೆ ಜೋಡಣೆಯೇ ಕಾಣುತ್ತಿರಲಿಲ್ಲ. ಆ ಖಾಲಿ ಹುಕ್ಕಿನ ಜಾಗದಲ್ಲಿ ಬಟ್ಟೆ ಸೂಜಿ ಚುಚ್ಚಿ ಚುಚ್ಚಿ ಸ್ವಲ್ಪ ನವೆದಿತ್ತು. ಬೆಳಿಗ್ಗೆ ಹುಕ್ಕು ಹಾಕುತ್ತಾಳೆ, ಸಂಜೆ ಬಿಚ್ಚುತ್ತಾಳೆ ಅಂತ ಆಗ ಗೊತ್ತಾಯಿತು. ನನ್ನ ಬ್ಲೌಸಿಗೆ ಸಿಗದ ದುಡಿಮೆ ಆ ಒಂದು ಹುಕ್ಕಿಗೆ ಸಿಕ್ಕಿತ್ತು.

"ಇದಾ ಮುಗಿದಿರೋದು?" ಅಂದೆ. "ನೋಡಪ್ಪ ಕಲ್ಲೇಶ, ಇಲ್ಲಿ ಹುಕ್ಕಿಲ್ಲ. ಇಲ್ಲಿ ಬಟ್ಟೆ ನವೆದಿದೆ, ಒಳಗಿಂದ ಪಟ್ಟಿ ಕೊಡಬೇಕು. ಕುಚ್ಚು ಒಂದು ಉದ್ದ ಒಂದು ಗಿಡ್ಡ. ನನ್ನ ರೇಷ್ಮೆ ಬಟ್ಟೆಯನ್ನ ಹೀಗೆ ಅರ್ಧಂಬರ್ಧ ಮಾಡಿ ಕೈ ತೊಳ್ಕೊಳ್ಳೋಕೆ ನಾನು ಬಿಡಲ್ಲ. ಪೂರ್ತಿ ಆಗೋವರೆಗೂ ಇವಳು ಇಲ್ಲಿಂದ ಎದ್ದರೆ ನಿಮ್ಮನ್ನೇ ಕೇಳೋದು ನಾನು."

ಗಂಗಾಧರಯ್ಯನವರು ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡರು. "ಮೇಡಮ್ಮೇ ಹೇಳುದ್ ಮೇಲೆ ಇನ್ನೇನು. ನಡಿಲಾ," ಅಂದು ಮಗನನ್ನು ಕರೆದುಕೊಂಡು ಹೋದರು.

ಅವರು ಮರೆಯಾದ ಮೇಲೆ ಪೆಡಲ್ ಸದ್ದು ಶುರುವಾಯಿತು.

"ನನ್ನ ಬ್ಲೌಸಿಗೆ ಬೇರೆ ಬಟ್ಟೆ ತಂದುಕೊಡ್ತೀನಿ. ಯಾವಾಗ ಕೊಡ್ತೀಯ?" ಅಂತ ಕೇಳಿದೆ.

ಅವಳು ತಲೆ ಎತ್ತಿ, ಕಣ್ಣು ಒರೆಸಿಕೊಂಡು, "ನಾಳೆ ಬನ್ನಿ ಮೇಡಂ" ಅಂದಳು.

ಮುಂದಿನ ತಿಂಗಳು ತುರುವೇಕೆರೆಯಲ್ಲಿ ನಮ್ಮ ಅಕ್ಕನ ಮಗಳ ಮದುವೆಯಿತ್ತು. ತಿಪಟೂರಿನಲ್ಲಿ ಒಂದು ರೆಡಿಮೇಡ್ ಬ್ಲೌಸು ಕೊಂಡು ಆ ಸೀರೆ ಉಟ್ಟುಕೊಂಡು ಹೋದೆ. ತೋಳು ಬಿಗಿಯಾಗಿತ್ತು, ಬಣ್ಣವೂ ಹೊಂದಲಿಲ್ಲ. ಅದಕ್ಕೆ ಹೊಂದುವ ಬಟ್ಟೆ ಹೊನ್ನವಳ್ಳಿಯ ಬಸ್ ಸ್ಟಾಪಿನಲ್ಲಿ ನಿಂತಿತ್ತು.